ಕ್ಷಿಪಣಿಗಿಂತ ಮೊದಲು ಬೆಸುಗೆ

ಕೇಳುಗರಿಗೆಲ್ಲ ನಮಸ್ಕಾರ.

ಕ್ಷಿಪಣಿ ಹೊರುವ ಅಣುಶಕ್ತಿ ಜಲಾಂತರ್ಗಾಮಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಆ ಕ್ಷಿಪಣಿ ಎಷ್ಟು ದೂರ ಹೋಗುತ್ತದೆ? ಹೇಳುತ್ತೇನೆ, ಕೊನೆಗೆ ಹೇಳುತ್ತೇನೆ. ಮೊದಲು ಬೆಸುಗೆಯ ಮಾತು. ತೋಟದ ಬೋರ್‌ವೆಲ್‌ಗೆ ಪೈಪ್ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಟಾರು ಎಷ್ಟೇ ದೊಡ್ಡದಿರಲಿ, ಜಾಯಿಂಟ್ ಬಿಟ್ಟರೆ ಎಲ್ಲವೂ ತಳ ಸೇರುತ್ತದೆ.

ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 300 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರ್ ಉಕ್ಕಿನ ಮೇಲೆ ಸುಮಾರು 300 ಟನ್ ಭಾರ. ಅದನ್ನು ತಾಳಲು ನೌಕೆಯ ಒಡಲನ್ನು ದುಂಡಗಿನ ಉಂಗುರಗಳಾಗಿ ಮಾಡಿ ಒಂದಕ್ಕೊಂದು ಬೆಸೆಯುತ್ತಾರೆ. ಎಚ್‌ವೈ-80 ಎಂಬ ಗಟ್ಟಿ ಉಕ್ಕಾದರೆ, ಬೆಸೆಯುವ ಮುಂಚೆ ತಗಡನ್ನು ಬಿಸಿ ಮಾಡಬೇಕು. ವೆಲ್ಡಿಂಗ್ ರಾಡನ್ನು ಒಲೆಯಲ್ಲಿಟ್ಟು ತೇವ ಆರಿಸಿರಬೇಕು. ರಾಡಿನಲ್ಲಿ ಪಸೆ ಉಳಿದರೆ ಅದರ ಹೈಡ್ರೋಜನ್ ಬೆಸುಗೆಯೊಳಗೆ ಸೇರಿಕೊಳ್ಳುತ್ತದೆ. ಆರಿದಾಗ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ದಿನ ಕಳೆದ ಮೇಲೆ ಒಳಗಿಂದ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದಕ್ಕೇ ಕಾದು, ಆಮೇಲೆ ಎಕ್ಸ್‌ರೇ, ಶ್ರವಣಾತೀತ ಧ್ವನಿಯ ಪರೀಕ್ಷೆ ಮಾಡುವುದು. ಆರಿದ ಕೂಡಲೇ ಕಣ್ಣಲ್ಲಿ ನೋಡಿ ಸಹಿ ಹಾಕುವುದನ್ನು ಪರೀಕ್ಷೆ ಎನ್ನಬೇಡಿ.

ಅಮೆರಿಕದ ಮೊದಲ ಬ್ಯಾಲಿಸ್ಟಿಕ್ ಕ್ಷಿಪಣಿ ಹೊರುವ ಅಣು ಜಲಾಂತರ್ಗಾಮಿ ಜಾರ್ಜ್ ವಾಷಿಂಗ್ಟನ್. ಅಲ್ಲಿನ ಗ್ರಾಟನ್ ಊರಿನಲ್ಲಿ ಕಟ್ಟಿದ್ದು. ಶತ್ರು ನೌಕೆಗಳನ್ನು ಹುಡುಕಿ ಹೊಡೆಯುವ ಬೇಟೆ ಜಲಾಂತರ್ಗಾಮಿಯ ವಿನ್ಯಾಸಕ್ಕೇ ನಡುವೆ 40 ಮೀಟರ್ ಉದ್ದದ ಭಾಗ ಸೇರಿಸಿ, ಅದರಲ್ಲಿ 16 ಕ್ಷಿಪಣಿ ಕೊಳವೆ ನಿಲ್ಲಿಸಿದರು. 1959ರ ಡಿಸೆಂಬರ್‌ನಲ್ಲಿ ಸೇವೆಗೆ ಬಂತು. 1960ರ ಜುಲೈ 20ರಂದು ನೀರಿನೊಳಗಿಂದಲೇ ಎರಡು ಪೊಲಾರಿಸ್ ಕ್ಷಿಪಣಿ ಹಾರಿಸಿತು. ಜಗತ್ತು ಬೆರಗಾಯಿತು. ಬೆಸುಗೆಯ ಕಡೆ ಯಾರ ಗಮನವೂ ಹೋಗಲಿಲ್ಲ.

ಗಮನ ಹೋದದ್ದು 1963ರ ಏಪ್ರಿಲ್ 10ರಂದು. ಅಮೆರಿಕದ್ದೇ ಥ್ರೆಶರ್ ಎಂಬ ಅಣು ಜಲಾಂತರ್ಗಾಮಿ ಅಂದು ಮುಳುಗಿತು. ಕ್ಷಿಪಣಿಯದಲ್ಲ, ಬೇಟೆಯದು, ಆದರೂ ಕ್ಷಿಪಣಿ ಜಲಾಂತರ್ಗಾಮಿ ಕಟ್ಟುವವರೆಲ್ಲ ಇದರಿಂದಲೇ ಕಲಿತರು, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಒಡಲು ಎಷ್ಟೇ ಗಟ್ಟಿಯಿರಲಿ, ಸಮುದ್ರದ ನೀರು ಕೊಳವೆಗಳಲ್ಲಿ ಒಳಗೇ ಓಡಾಡುತ್ತಿರುತ್ತದೆ. ಟರ್ಬೈನ್ ತಿರುಗಿಸಿ ಬಂದ ಆವಿಯನ್ನು ತಣಿಸಲು ಅದು ಬೇಕೇ ಬೇಕು. ಹೊರಗಿನ ಒತ್ತಡವೆಲ್ಲ ಆ ಕೊಳವೆಗಳೊಳಗೂ ಇರುತ್ತದೆ. ಥ್ರೆಶರ್‌ನಲ್ಲಿ ಅಂಥ ಜಾಯಿಂಟ್‌ಗಳಿಗೆ ಬೆಳ್ಳಿ ಬೆರೆತ ಲೋಹದ ಬ್ರೇಜಿಂಗ್ ಮಾಡಿದ್ದರು. ಕೊಳವೆಯನ್ನು ಜೋಡಣೆಯ ತುಂಡಿನ ಬಾಯಿಯೊಳಗೆ ತೂರಿಸಿ ಕಾಯಿಸಿದರೆ, ಕರಗಿದ ಲೋಹ ಸಂದಿನೊಳಕ್ಕೆ ಹರಿಯಬೇಕು. ಅಂಚಿನಲ್ಲಿ ಹೊಳೆಯುವ ಚಂದದ ಉಂಗುರ ಕಾಣುತ್ತದೆ. ಒಳಗೆ ಅರ್ಧ ಖಾಲಿ ಇದ್ದರೂ ಉಂಗುರ ಅಷ್ಟೇ ಚಂದ! ಹಡಗು ಯಾರ್ಡಿನಲ್ಲಿ 145 ಜಾಯಿಂಟ್‌ಗಳನ್ನು ಧ್ವನಿ ಪರೀಕ್ಷೆಗೆ ಒಡ್ಡಿದಾಗ ನೂರಕ್ಕೆ 14 ಮಟ್ಟಕ್ಕಿಂತ ಕೆಳಗಿದ್ದವು. ಉಳಿದ ಸಾವಿರಾರು ಜಾಯಿಂಟ್‌ಗಳಿಗೆ ಆ ಪರೀಕ್ಷೆ ನಡೆಯಲೇ ಇಲ್ಲ. ನೌಕೆ ಆಳದ ಪರೀಕ್ಷೆಗೆ ಹೊರಟಿತು.

ಹೀಗೆ ಆಗಿರಬಹುದು ಎಂದು ತನಿಖೆ ಹೇಳಿದ ದಾರಿ ಇದು. ಎಂಜಿನ್ ಕೋಣೆಯಲ್ಲಿ ಒಂದು ಜಾಯಿಂಟ್ ಬಿಟ್ಟಿತು. ನೀರು ಸಿಡಿದು ವಿದ್ಯುತ್ ಫಲಕಗಳಿಗೆ ತಾಗಿತು, ರಿಯಾಕ್ಟರ್ ನಿಂತಿತು, ಮೇಲಕ್ಕೆ ತಳ್ಳುವ ಶಕ್ತಿ ಹೋಯಿತು. ಉಳಿದದ್ದು ಒಂದೇ ಉಪಾಯ: ಒತ್ತಿಟ್ಟ ಗಾಳಿಯನ್ನು ತೇಲುತೊಟ್ಟಿಗಳಿಗೆ ಬಿಟ್ಟು ನೀರನ್ನು ಹೊರಗೆ ದೂಡುವುದು. ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿದರೆ ವಿಪರೀತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿತ್ತು. ಕೊಳವೆಯ ಜಾಲರಿಯಲ್ಲಿ ಮಂಜುಗಡ್ಡೆ ಕಟ್ಟಿ ಗಾಳಿ ಹೋಗುವ ದಾರಿಯೇ ಮುಚ್ಚಿತು. ಟಿನೋಸಾ ಎಂಬ ಅದೇ ಬಗೆಯ ನೌಕೆಯಲ್ಲಿ ಪರೀಕ್ಷಿಸಿದಾಗ ಅರ್ಧ ನಿಮಿಷದೊಳಗೆ ಜಾಲರಿ ಕಟ್ಟಿಕೊಂಡಿತು. ಥ್ರೆಶರ್‌ನಲ್ಲಿದ್ದ 129 ಮಂದಿಯೂ ಹೋದರು.

ಅದೇ ವರ್ಷ ಸಬ್‌ಸೇಫ್ ಎಂಬ ಕಟ್ಟಳೆ ಬಂತು. ಸಮುದ್ರದ ನೀರು ಮುಟ್ಟುವ ಪ್ರತಿ ಜಾಯಿಂಟ್‌ಗೂ ದಾಖಲೆ ಇರಬೇಕು: ಯಾವ ಲೋಹ, ಯಾರು ಬೆಸೆದರು, ಯಾರು ಪರೀಕ್ಷಿಸಿದರು. ದಾಖಲೆ ಇಲ್ಲದ ಜಾಯಿಂಟ್ ಕೆಟ್ಟ ಜಾಯಿಂಟೇ, ಬಿಚ್ಚಿ ಮತ್ತೆ ಮಾಡಿ. ಸಬ್‌ಸೇಫ್ ಪ್ರಮಾಣಪತ್ರ ಪಡೆದ ಒಂದು ಜಲಾಂತರ್ಗಾಮಿಯೂ ಇವತ್ತಿನವರೆಗೆ ಮುಳುಗಿಲ್ಲ. ಬೆಸುಗೆ, ಬೆಸುಗೆ ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಸಮಯ ಕಡಿಮೆ ಉಳಿದಿದೆ, ಸೇವೆಯ ಮಾತನ್ನು ಬೇಗ ಹೇಳುತ್ತೇನೆ. ಅಮೆರಿಕದ ಓಹಾಯೊ ವರ್ಗದ ಕ್ಷಿಪಣಿ ಜಲಾಂತರ್ಗಾಮಿ ಸರಾಸರಿ 77 ದಿನ ಸಮುದ್ರದಲ್ಲಿ, 35 ದಿನ ದುರಸ್ತಿಯಲ್ಲಿ. ಒಂದೇ ನೌಕೆಗೆ ಎರಡು ತಂಡ, ನೀಲಿ ಮತ್ತು ಚಿನ್ನ. ಒಂದು ಬಂದಾಗ ಇನ್ನೊಂದು ಹೊರಡುತ್ತದೆ. ನೀರನ್ನು ಒಡೆದು ಆಮ್ಲಜನಕ, ಸಮುದ್ರದಿಂದಲೇ ಕುಡಿಯುವ ನೀರು. ಊಟದ ಸಾಮಾನು ತೀರಿದರಷ್ಟೇ ಮರಳಬೇಕು. ಕ್ಷಿಪಣಿ ಕೊಳವೆಯೊಳಗೆ ಹೊತ್ತಿಕೊಳ್ಳುವುದಿಲ್ಲ. ಅನಿಲ, ಆವಿಯ ಒತ್ತಡ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ, ನೀರು ದಾಟಿದ ಮೇಲೆ ಬೆಂಕಿ. ಖಾಲಿ ಕೊಳವೆಗೆ ಸಮುದ್ರ ನುಗ್ಗಿ, ಹೋದ ತೂಕವನ್ನು ತುಂಬುತ್ತದೆ.

ನಮ್ಮ ದೇಶದ ಕ್ಷಿಪಣಿ ಜಲಾಂತರ್ಗಾಮಿ ಅರಿಹಂತ್ ವಿಶಾಖಪಟ್ಟಣದಲ್ಲಿ 2009ರ ಜುಲೈ 26ರಂದು ನೀರಿಗಿಳಿಯಿತು. ರಿಯಾಕ್ಟರ್ ಚಾಲೂ ಆದದ್ದು 2013ರ ಆಗಸ್ಟ್‌ನಲ್ಲಿ. ಮೊದಲ ಗಸ್ತು ಮುಗಿಸಿದ ಸುದ್ದಿ ಬಂದದ್ದು 2018ರ ನವೆಂಬರ್‌ನಲ್ಲಿ. ಇಷ್ಟು ತಡವೇಕೆ ಎಂದು ಕೇಳುವವರು ದಯವಿಟ್ಟು ಥ್ರೆಶರ್‌ನ ಆ 145 ಜಾಯಿಂಟ್‌ಗಳನ್ನು ನೆನೆಯಿರಿ. ಬಂದರಿನಲ್ಲಿ ಪರೀಕ್ಷೆಗೆ ಕೊಟ್ಟ ದಿನ ಯಾವುದೂ ದಂಡವಲ್ಲ.

ಕ್ಷಿಪಣಿಯ ದೂರ ಕೇಳಿದ್ದಿರಿ. ಜಾರ್ಜ್ ವಾಷಿಂಗ್ಟನ್ ಹೊತ್ತ ಮೊದಲ ಪೊಲಾರಿಸ್‌ನದು ಸುಮಾರು 2,200 ಕಿಲೋಮೀಟರ್; ಓಹಾಯೊ ಹೊರುವ ಟ್ರೈಡೆಂಟ್‌ನದು 7,000 ದಾಟುತ್ತದೆ. ನಮಸ್ಕಾರ.