ಖರೀದಿಯ ಕಡತ, ಸಂಬಳದ ದಿನ ಮತ್ತು ಮಂತ್ರಿಯ ಉತ್ತರ

ಸಭೆಯಲ್ಲಿರುವ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಉಡುಪಿಯಲ್ಲಿ ನಿಂತು ಲೆಕ್ಕಪತ್ರದ ವಿಷಯ ಮಾತನಾಡಲು ದೊಡ್ಡ ಪೀಠಿಕೆ ಬೇಕಾಗುವುದಿಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಈ ಊರಿನಲ್ಲಿ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟುತ್ತಿದ್ದವರು ಕೂಡ ಆ ಎರಡಾಣೆ ತಮ್ಮ ಪುಸ್ತಕದಲ್ಲಿ ಏರಿದೆಯೇ ಎಂದು ನೋಡಿಕೊಳ್ಳುತ್ತಿದ್ದರು, ಏರಿಲ್ಲದಿದ್ದರೆ ಕೇಳುತ್ತಿದ್ದರು. ಸರ್ಕಾರದ ಹಣ ಎಲ್ಲಿ ಹೋಯಿತು, ದುಡಿದವರಿಗೆ ಸಂಬಳ ಏಕೆ ಬರಲಿಲ್ಲ ಎಂದು ಮಂತ್ರಿಯನ್ನು ಕೇಳುವಾಗಲೂ ನಮಗೆ ಅಷ್ಟೇ ಸಹಜವಾದ ಹಕ್ಕಿದೆ ಎಂಬ ನಂಬಿಕೆಯಿಂದ ಈ ಉಪನ್ಯಾಸವನ್ನು ಸಿದ್ಧಪಡಿಸಿದ್ದೇನೆ.

ನಾನು ಸರ್ಕಾರಿ ಕಚೇರಿಗಳ ಲೆಕ್ಕ ಶಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು. ವೇತನದ ಬಿಲ್ಲನ್ನು ಕೈಯಲ್ಲಿ ಬರೆದು, ಖಜಾನೆಯ ಆಕ್ಷೇಪಣೆಗೆ ಉತ್ತರ ಕೊಟ್ಟು, ನೋಟು ಎಣಿಸಿ ಬಟವಾಡೆ ಮಾಡುತ್ತಿದ್ದ ಕಾಲವನ್ನೂ, ಸರ್ಕಾರದ ಗಣಕೀಕೃತ ವೇತನ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ಲು ತಯಾರಾಗಿ ಹಣ ನೇರವಾಗಿ ಖಾತೆಗೆ ಹೋಗುವ ಕಾಲವನ್ನೂ ಕಂಡಿದ್ದೇನೆ. ಆಗೆಲ್ಲ ಖರೀದಿಯ ಕಡತ ಒಂದು ಮೇಜಿನಲ್ಲಿ, ಸಂಬಳದ ಕಡತ ಇನ್ನೊಂದು ಮೇಜಿನಲ್ಲಿ ಇರುತ್ತಿದ್ದವು. ಇವೆರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಅದು ಮನದಟ್ಟಾದದ್ದು ಕೆನಡಾ ದೇಶದ ಪ್ರಕರಣವೊಂದನ್ನು ಓದಿದ ಮೇಲೆ.

ಅಲ್ಲಿ ಸರ್ಕಾರಕ್ಕೆ ಬೇಕಾದದ್ದನ್ನು ಖರೀದಿಸುವ ಕೆಲಸವೂ ನೌಕರರ ಸಂಬಳ ಲೆಕ್ಕ ಹಾಕುವ ಕೆಲಸವೂ ಒಂದೇ ಇಲಾಖೆಯ, ಒಬ್ಬರೇ ಮಂತ್ರಿಯ ಹೊಣೆ. 2009ರಲ್ಲಿ ಹಳೆಯ ವೇತನ ವ್ಯವಸ್ಥೆಯನ್ನು ಬದಲಿಸಲು ತೀರ್ಮಾನವಾಯಿತು. 2011ರಲ್ಲಿ ಐಬಿಎಂ ಕಂಪನಿಗೆ ಕೆಲಸ ವಹಿಸಲಾಯಿತು, ಹೊಸ ವ್ಯವಸ್ಥೆಗೆ ‘ಫೀನಿಕ್ಸ್’ ಎಂದು ಹೆಸರಿಡಲಾಯಿತು. ವರ್ಷಕ್ಕೆ 7 ಕೋಟಿ ಡಾಲರ್ ಉಳಿತಾಯವಾಗುತ್ತದೆ ಎಂಬುದು ಯೋಜನೆಯ ಆಧಾರವಾಗಿತ್ತು. ಆ ಉಳಿತಾಯವನ್ನು ತೋರಿಸಲು, 46 ಇಲಾಖೆಗಳಲ್ಲಿ ಹಂಚಿಹೋಗಿದ್ದ ಸುಮಾರು 1,200 ವೇತನ ಸಲಹೆಗಾರರ ಜಾಗದಲ್ಲಿ ಮಿರಾಮಿಶಿ ಎಂಬ ಸಣ್ಣ ಊರಿನ ಒಂದು ಕೇಂದ್ರದಲ್ಲಿ ಸುಮಾರು 550 ಜನರನ್ನು ಮಾತ್ರ ಇಟ್ಟುಕೊಂಡರು. ಸಂಬಳದ ಕೆಲಸ ಮಾಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಯಾರಿಗೆ ಯಾವ ತಿಂಗಳು ವಾರ್ಷಿಕ ವೇತನ ಬಡ್ತಿ, ಯಾರ ರಜೆ ಇನ್ನೂ ಮಂಜೂರಾಗಿಲ್ಲ, ಯಾರ ವರ್ಗಾವಣೆಯ ಅಂತಿಮ ವೇತನ ಪ್ರಮಾಣಪತ್ರ ಬರಬೇಕಿದೆ ಎಂಬುದು ಆ ಕಚೇರಿಯಲ್ಲಿ ವರ್ಷಗಟ್ಟಲೆ ಕುಳಿತ ಗುಮಾಸ್ತರ ತಲೆಯಲ್ಲಿರುತ್ತದೆ. ಅವರನ್ನು ಕಳಿಸಿದರೆ ಆ ತಿಳಿವಳಿಕೆಯೂ ಅವರೊಂದಿಗೆ ಹೋಗುತ್ತದೆ, ಅದನ್ನು ಟೆಂಡರ್ ಕರೆದು ಕೊಳ್ಳಲು ಬರುವುದಿಲ್ಲ.

2012ರಲ್ಲಿ ಕಂಪನಿಯು ವ್ಯವಸ್ಥೆಯನ್ನು ಕಟ್ಟಿ ಜಾರಿಗೊಳಿಸಲು 27.4 ಕೋಟಿ ಡಾಲರ್ ಬೇಕೆಂದು ಅಂದಾಜು ಕೊಟ್ಟಿತು. ಮಂಜೂರಾಗಿದ್ದದ್ದು 15.5 ಕೋಟಿ. ಆಗ ಯೋಜನೆಯ ಹೊಣೆ ಹೊತ್ತಿದ್ದ ಅಧಿಕಾರಿಗಳು ಮೇಲಕ್ಕೆ ಹೋಗಿ ಹಣ ಸಾಲದು ಎಂದು ಹೇಳಬೇಕಾಗಿತ್ತು. ಅವರು ಹೇಳಲಿಲ್ಲ. ಹಣಕ್ಕೆ ತಕ್ಕಂತೆ ಕೆಲಸವನ್ನೇ ಕತ್ತರಿಸಿದರು. ಹಿಂದಿನ ದಿನಾಂಕದಿಂದ ಕೊಡಬೇಕಾದ ಬಾಕಿ ವೇತನವನ್ನು ಲೆಕ್ಕ ಹಾಕುವಂತಹ ಮುಖ್ಯ ಅಂಶಗಳನ್ನು ಕೈಬಿಟ್ಟರು, ಒಂದು ಇಲಾಖೆಯಲ್ಲಿ ಮೊದಲು ಪ್ರಾಯೋಗಿಕವಾಗಿ ನಡೆಸಿ ನೋಡುವ ಹಂತವನ್ನೂ ರದ್ದು ಮಾಡಿದರು. 80,000ಕ್ಕೂ ಹೆಚ್ಚು ವೇತನ ನಿಯಮಗಳಿರುವ ಸರ್ಕಾರದಲ್ಲಿ ನಡೆದ ತೀರ್ಮಾನ ಇದು. 2016ರ ಫೆಬ್ರವರಿಯಲ್ಲಿ ಫೀನಿಕ್ಸ್ ಚಾಲನೆಗೆ ಬಂತು, ಏಪ್ರಿಲ್‌ನಲ್ಲಿ ಉಳಿದ ಇಲಾಖೆಗಳೂ ಸೇರಿದವು.

ಮುಂದೆ ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂದು ಮರುಪಾವತಿಯ ನೋಟಿಸು ಹಿಂದೆಯೇ ಬಂತು. ಹೆಚ್ಚು ಬಂದದ್ದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಬಂದದ್ದು ತಮ್ಮದೇ ಎಂದು ಖರ್ಚು ಮಾಡಿದ ಕುಟುಂಬ ಅದನ್ನು ಹಿಂತಿರುಗಿಸುವಾಗ ಪಡುವ ಕಷ್ಟವನ್ನು ನಾನು ನಮ್ಮ ಕಚೇರಿಗಳಲ್ಲೇ ನೋಡಿದ್ದೇನೆ. ಆ ವರ್ಷದ ಜುಲೈ ತಿಂಗಳಲ್ಲಿ 80,000ಕ್ಕೂ ಹೆಚ್ಚು ನೌಕರರಿಗೆ ತೊಂದರೆಯಾಗಿದೆ ಎಂದು ಇಲಾಖೆ ಒಪ್ಪಿಕೊಂಡು, ಅಕ್ಟೋಬರ್ 31ರೊಳಗೆ ಬಾಕಿಯನ್ನು ತೀರಿಸುವುದಾಗಿ ಗಡುವು ಹಾಕಿಕೊಂಡಿತು. ಆಗಿನ ಮಂತ್ರಿ ಜೂಡಿ ಫುಟ್ ಅವರು ಈ ವಿಷಯದಲ್ಲಿ ಸಂಸತ್ತಿನಲ್ಲೂ ಹೊರಗೂ ಉತ್ತರಿಸಬೇಕಾಯಿತು. ಗಡುವು ಮೀರಿತು. ಮಹಾಲೆಕ್ಕಪರಿಶೋಧಕರಾಗಿದ್ದ ಮೈಕೆಲ್ ಫರ್ಗ್ಯುಸನ್ ಅವರು 2018ರ ವರದಿಯಲ್ಲಿ ಇದನ್ನು ಯೋಜನಾ ನಿರ್ವಹಣೆ ಮತ್ತು ಮೇಲ್ವಿಚಾರಣೆಯ ಅರ್ಥವಾಗದಷ್ಟು ದೊಡ್ಡ ಸೋಲು ಎಂದು ಕರೆದರು.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಬೇರೆ. ಇಲಾಖೆಯ ಉನ್ನತ ಕಾರ್ಯದರ್ಶಿಗೆ ಸ್ವತಂತ್ರವಾದ ಮಾಹಿತಿ ತಲುಪುವ ದಾರಿಯೇ ಇರಲಿಲ್ಲ. ಯೋಜನೆ ನಡೆಸುತ್ತಿದ್ದವರೇ ಯೋಜನೆ ಚೆನ್ನಾಗಿದೆ ಎಂದು ವರದಿ ಮಾಡುತ್ತಿದ್ದರು. ಹೀಗಿರುವಾಗ ‘ನನ್ನ ಗಮನಕ್ಕೆ ಬಂದಿಲ್ಲ’ ಎಂದು ಮಂತ್ರಿಯೊಬ್ಬರು ಹೇಳಿದರೆ ಅದು ಸುಳ್ಳಾಗಿರಲಿಕ್ಕಿಲ್ಲ. ಆದರೆ ಗಮನಕ್ಕೆ ಬರುವ ದಾರಿಯನ್ನು ತೆರೆದಿಡುವುದೇ ಮಂತ್ರಿಯ ಮೊದಲ ಕೆಲಸವಾದ್ದರಿಂದ, ಆ ಮಾತನ್ನು ನಾವು ತಪ್ಪೊಪ್ಪಿಗೆ ಎಂದು ಎಣಿಸಬೇಕೇ ಹೊರತು ಸಮಜಾಯಿಷಿ ಎಂದಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹಿಂದೆಯೇ ತೀರ್ಮಾನವಾಗಿದೆ. 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿಯವರು ಜೀವ ವಿಮಾ ನಿಗಮದ ಹಣವನ್ನು ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದನ್ನು ಲೋಕಸಭೆಯಲ್ಲಿ ಎತ್ತಿದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣೆ ಸಾರ್ವಜನಿಕವಾಗಿ, ಬಹಳ ಬೇಗ ನಡೆಯಿತು. ಹಣಕಾಸು ಇಲಾಖೆಯ ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿ ಸಂವಿಧಾನಾತ್ಮಕವಾಗಿ ಹೊಣೆಗಾರ, ಅಧಿಕಾರಿಯ ಹಿಂದೆ ಮರೆಯಾಗುವಂತಿಲ್ಲ ಎಂಬ ನಿಲುವನ್ನು ಅವರು ತಳೆದರು. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ 1958ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಸಂವಿಧಾನದ 164ನೇ ವಿಧಿ ರಾಜ್ಯದ ಮಂತ್ರಿಮಂಡಲವನ್ನು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿಸುತ್ತದೆ, 151ನೇ ವಿಧಿ ಲೆಕ್ಕಪರಿಶೋಧನಾ ವರದಿಗಳನ್ನು ಸದನದ ಮುಂದೆ ತರುತ್ತದೆ. ಆ ವರದಿಗಳನ್ನು ಪರಿಶೀಲಿಸುವ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಸಾಕ್ಷ್ಯ ಹೇಳಲು ಬರುವವರು ಮಾತ್ರ ಸಾಮಾನ್ಯವಾಗಿ ಕಾರ್ಯದರ್ಶಿಗಳು. ಆದ್ದರಿಂದ ಮಂತ್ರಿ ಸ್ವತಃ ಎದ್ದು ನಿಂತು ಉತ್ತರಿಸುವ ಪ್ರಶ್ನೋತ್ತರ ಕಲಾಪ ಗದ್ದಲದಲ್ಲಿ ಕೊಚ್ಚಿಹೋದ ದಿನ ನನಗೆ ನಿಜವಾಗಿ ಬೇಸರವಾಗುತ್ತದೆ.

ಕರ್ನಾಟಕದಲ್ಲಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯಿದೆ. ಟೆಂಡರ್ ಕಡ್ಡಾಯ, ಆದರೆ ಅದರ 4ನೇ ಕಲಮಿನಲ್ಲಿ ವಿನಾಯಿತಿಗಳಿವೆ. ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಬೇಕೇ ಬೇಕು, ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತ ಕಾಣುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಸರ್ಕಾರ ಅಧಿಸೂಚನೆಯ ಮೂಲಕ ನಿರ್ದಿಷ್ಟ ಖರೀದಿಗೆ ಕೊಡುವ ವಿನಾಯಿತಿಯ ಬಗ್ಗೆಯಾದರೋ ಪ್ರತಿ ಬಾರಿಯೂ ಕಾರಣ ಕೇಳಬೇಕು. ಟೆಂಡರ್ ಸರಿಯಾಗಿ ನಡೆದರೂ ಸಂಬಳ ತಪ್ಪುವ ಜಾಗ ಇನ್ನೊಂದಿದೆ, ಅದು ಹೊರಗುತ್ತಿಗೆ. ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು, ಡೇಟಾ ಎಂಟ್ರಿ ಮಾಡುವವರು, ಇವರೆಲ್ಲರ ದುಡಿಮೆ ಇಂದು ಖರೀದಿಯ ಕಡತದಲ್ಲಿದೆ. ಕನಿಷ್ಠ ವೇತನ ನಿಗದಿಯಾಗಿರುವುದರಿಂದ ಗುತ್ತಿಗೆದಾರರ ಪೈಪೋಟಿ ಸೇವಾ ಶುಲ್ಕದ, ಅಂದರೆ ವೇತನದ ಮೇಲೆ ಅವರು ತಮಗಾಗಿ ಕೇಳುವ ಮೊತ್ತದ ಮೇಲೆ ಮಾತ್ರ ನಡೆಯುತ್ತದೆ. ಶುಲ್ಕವನ್ನು ಶೂನ್ಯದ ಹತ್ತಿರ ಇಳಿಸಿ ಗುತ್ತಿಗೆ ಗೆದ್ದವನು ಲಾಭವನ್ನು ಎಲ್ಲಿಂದ ತೆಗೆಯುತ್ತಾನೆ ಎಂದು ಟೆಂಡರ್ ಪರಿಶೀಲಿಸುವವರು ಕೇಳಬೇಕು. ತಡವಾದ ಸಂಬಳ, ಕಟ್ಟದ ಪಿಎಫ್, ಜಮೆಯಾಗದ ಇಎಸ್‌ಐ, ಇವೆಲ್ಲ ಹೊರಡುವುದು ಅಲ್ಲಿಂದ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮು ಹೇಳಿತ್ತು. ಬಟವಾಡೆಯ ಹೊತ್ತಿಗೆ ಮಾಲೀಕನ ಪ್ರತಿನಿಧಿ ಹಾಜರಿರಬೇಕೆಂದೂ ಹೇಳಿತ್ತು.

ನನ್ನ ನಿವೃತ್ತಿಯ ಹಿಂದಿನ ವರ್ಷ, ನಾನಿದ್ದ ಕಚೇರಿಯಲ್ಲಿ ನೆಲ ಒರೆಸುತ್ತಿದ್ದ ಒಬ್ಬರು ಅಕ್ಕ ಪಾಸ್‌ಬುಕ್ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಮೂರು ತಿಂಗಳಿನಿಂದ ಸಂಬಳ ಜಮೆಯಾಗಿರಲಿಲ್ಲ. “ಸಾರ್, ನಿಮ್ಮದೂ ಬಂದಿಲ್ವಾ?” ಎಂದು ಕೇಳಿದರು. ನನ್ನದು ಬಂದಿತ್ತು. ಅವರದು ನನ್ನ ಶಾಖೆಗೆ ಸೇರಿದ್ದಲ್ಲ, ಏಜೆನ್ಸಿಯವರನ್ನು ಕೇಳಬೇಕು ಎಂದು ಹೇಳಿ ಕಳಿಸಿದೆ. ಕಾನೂನಿನ ಪ್ರಕಾರ ಮುಖ್ಯ ಮಾಲೀಕ ನಮ್ಮ ಕಚೇರಿಯೇ ಆಗಿತ್ತು. ನಾನು ಅಂದು ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ್ದರೆ ವಿಷಯ ಮಂತ್ರಿಯ ತನಕ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲಾದರೂ ಏರುತ್ತಿತ್ತು. ನಾನು ಬರೆಯಲಿಲ್ಲ.

ಈ ಜಿಲ್ಲೆಯ ಶಾಸಕರಲ್ಲಿ ನಾನು ಲಿಖಿತವಾಗಿ ಕೇಳಿಕೊಂಡಿರುವುದು ಇಷ್ಟು: ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗಿ, ಜಿಲ್ಲೆಯ ಸರ್ಕಾರಿ ಕಚೇರಿ ಮತ್ತು ಆಸ್ಪತ್ರೆಗಳಲ್ಲಿ ಹೊರಗುತ್ತಿಗೆಯ ನೌಕರರಿಗೆ ಯಾವ ತಿಂಗಳವರೆಗೆ ಸಂಬಳ ಪಾವತಿಯಾಗಿದೆ, ಯಾವ ಸೇವಾ ಶುಲ್ಕದ ದರಕ್ಕೆ ಗುತ್ತಿಗೆ ಕೊಡಲಾಗಿದೆ, ಪಾವತಿ ತಪ್ಪಿದಾಗ ಇಲಾಖೆ ತಾನೇ ಕೊಟ್ಟ ಉದಾಹರಣೆ ಇದೆಯೇ ಎಂದು ಮಂತ್ರಿಯವರನ್ನು ಕೇಳಬೇಕು. ಪ್ರಶ್ನೆಯ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಸಹಿ ಹಾಕಲು ಇಚ್ಛಿಸುವವರು ಹೋಗುವಾಗ ಹಾಕಬಹುದು.