ನಡೆದವರ ಸಿನಿಮಾ

ಕೇಳುಗರಿಗೆ ನಮಸ್ಕಾರ.

1955ರ ಡಿಸೆಂಬರ್ 5, ಸೋಮವಾರ. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯ, ಮಾಂಟ್‌ಗೊಮರಿ ನಗರ. ಬೆಳಗಿನ ಬಸ್ಸು ಎಂದಿನಂತೆ ಬಂತು. ದಿನಾ ಆ ಹೊತ್ತಿಗೆ ಬಿಳಿಯರ ಮನೆಗೆಲಸಕ್ಕೆ ಹೊರಟ ಕಪ್ಪು ಹೆಂಗಸರಿಂದ ತುಂಬಿರುತ್ತಿದ್ದ ಬಸ್ಸು. ಅವತ್ತು ಖಾಲಿ. ಹೆಂಗಸರೆಲ್ಲ ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದರು. ಹಾಗೆ ನಡೆಯತೊಡಗಿದವರು ಮತ್ತೆ ಬಸ್ಸು ಹತ್ತಿದ್ದು 381 ದಿನಗಳಾದ ಮೇಲೆ.

ಸಾರಿಗೆ ಮುಷ್ಕರದ ದಿನ ಮೆಜೆಸ್ಟಿಕ್‌ನಿಂದ ಮನೆಗೆ ನಡೆದವರಿಗೆ ಒಂದು ದಿನದ ನಡಿಗೆ ಏನೆಂದು ಗೊತ್ತು. ಇದು ವರ್ಷದ ಮೇಲೆ ಹದಿನೈದು ದಿನ. ಅದೂ ಹೋದ ಕಡೆ ನೆಲ ಒರೆಸಿ, ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ನಡೆದು ಬಂದು ತಮ್ಮ ಮನೆಯ ಒಲೆ ಹಚ್ಚಬೇಕು.

ಈ ಕಥೆಯ ಒಂದು ತುದಿ ನಿಮಗೆ ಗೊತ್ತೇ ಇದೆ. ಅದಕ್ಕೆ ನಾಲ್ಕು ದಿನ ಮುಂಚೆ ರೋಸಾ ಪಾರ್ಕ್ಸ್ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದರು. ಕೆಲಸ ಮಾಡಿ ದಣಿದ ದರ್ಜಿ ಹೆಂಗಸು, ಏಳಲಾರದೆ ಕೂತುಬಿಟ್ಟರು ಎಂದು ಹೇಳುವುದು ವಾಡಿಕೆ. ದರ್ಜಿ ಕೆಲಸ ಮಾಡುತ್ತಿದ್ದುದು ನಿಜ. ಆದರೆ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಸಂಘಟನೆಯ ಸ್ಥಳೀಯ ಶಾಖೆಗೆ ಅವರು ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು. ಅವರಿಗಿಂತ ಒಂಬತ್ತು ತಿಂಗಳು ಮೊದಲೇ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಅದೇ ಊರಿನ ಬಸ್ಸಿನಲ್ಲಿ ಏಳುವುದಿಲ್ಲ ಎಂದು ಹಟ ಹಿಡಿದಿದ್ದಳು. ಪೊಲೀಸರು ಎಳೆದುಕೊಂಡು ಹೋದರು. ಮುಂದೆ ಬಸ್ಸಿನ ವರ್ಣಭೇದವನ್ನು ಕೋರ್ಟಿನಲ್ಲಿ ಬೀಳಿಸಿದ ಮೊಕದ್ದಮೆಯಲ್ಲಿ ಇರುವುದು ರೋಸಾ ಪಾರ್ಕ್ಸ್ ಹೆಸರಲ್ಲ. ಈ ಹುಡುಗಿಯೂ ಸೇರಿದಂತೆ ಬೇರೆ ನಾಲ್ವರು ಹೆಂಗಸರದು. ಇನ್ನು ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಇಂಗ್ಲಿಷ್ ಅಧ್ಯಾಪಕಿ ತಮ್ಮ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತವರು ಬೆಳಗಾಗುವುದರೊಳಗೆ ಸೋಮವಾರ ಬಸ್ಸು ಹತ್ತಬೇಡಿ ಎಂಬ ಸಾವಿರ ಸಾವಿರ ಕರಪತ್ರ ತೆಗೆದರು. ಊರಿಗೆ ಊರೇ ನಡೆಯಬೇಕಾದರೆ ಯಾರಾದರೂ ಕೈ ಮಸಿ ಮಾಡಿಕೊಳ್ಳಲೇಬೇಕಲ್ಲ.

ಸಿನಿಮಾ ಕ್ಯಾಮೆರಾಕ್ಕೆ ಈ ಮಸಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ವೇದಿಕೆ ಬೇಕು, ಮೈಕು ಬೇಕು, ಎತ್ತಿದ ಕೈ ಬೇಕು. ಅಮೆರಿಕದ ನಾಗರಿಕ ಹಕ್ಕು ಚಳವಳಿ ಎಂದರೆ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಎಂದು ನಾವೂ ಅಂದುಕೊಂಡುಬಿಟ್ಟಿದ್ದೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಭಾಷಣ ಕೇಳಿ ಮನೆಗೆ ನಡೆದು ಹೋದವರನ್ನು ಹಿಂಬಾಲಿಸಿದ ಕೆಲವು ಚಿತ್ರಗಳ ಬಗ್ಗೆ.

ಮೊದಲನೆಯದು 1990ರ 'ದಿ ಲಾಂಗ್ ವಾಕ್ ಹೋಮ್', ರಿಚರ್ಡ್ ಪಿಯರ್ಸ್ ನಿರ್ದೇಶನ. ಹೂಪಿ ಗೋಲ್ಡ್‌ಬರ್ಗ್ ಇಲ್ಲಿ ಒಡೆಸಾ ಎಂಬ ಮನೆಗೆಲಸದವಳು. ಸಿಸಿ ಸ್ಪೇಸೆಕ್ ಆ ಮನೆಯ ಬಿಳಿ ಯಜಮಾನಿ ಮಿರಿಯಮ್. ಹೂಪಿ ಎಂದರೆ ನಗಿಸುವ ನಟಿ ಎಂದು ತಿಳಿದವರು ಈ ಚಿತ್ರದಲ್ಲಿ ಆಕೆ ಎಷ್ಟು ಕಡಿಮೆ ಮಾತಾಡುತ್ತಾರೆ ನೋಡಬೇಕು. ಒಡೆಸಾ ಯಾವ ಸಭೆಯಲ್ಲೂ ಮುಂದೆ ನಿಲ್ಲುವವಳಲ್ಲ. ಬಸ್ಸು ಬಿಟ್ಟು ನಡೆಯಲು ಶುರು ಮಾಡುತ್ತಾಳೆ, ಕೆಲಸಕ್ಕೆ ತಡವಾಗುತ್ತದೆ, ಕಾಲು ಸೋಲುತ್ತದೆ. ಯಜಮಾನಿಗೆ ಮೊದಮೊದಲು ಇದು ತನ್ನ ಮನೆಯ ತಾಪತ್ರಯ ಅಷ್ಟೇ: ಅಡುಗೆ ತಡ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಅದಕ್ಕಾಗಿ ವಾರಕ್ಕೆರಡು ದಿನ ಗಂಡನಿಗೆ ತಿಳಿಯದಂತೆ ತಾನೇ ಕಾರಿನಲ್ಲಿ ಹೋಗಿ ಅವಳನ್ನು ಕರೆತರುತ್ತಾಳೆ. ಚಿತ್ರದ ಜಾಣತನ ಇಲ್ಲಿದೆ. ಅವಳನ್ನು ಕಾರು ಹತ್ತಿಸಿದ್ದು ಆದರ್ಶವಲ್ಲ, ಅನುಕೂಲ. ಆ ಅನುಕೂಲವೇ ಅವಳನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತದೆ.

ಕ್ರಿಸ್ಮಸ್ ಊಟದ ದೃಶ್ಯವೊಂದಿದೆ. ಬಿಳಿಯರ ಕುಟುಂಬ ಮೇಜಿನ ಸುತ್ತ ಕೂತು ಕಪ್ಪು ಜನರ ಬಗ್ಗೆ ಬಾಯಿಗೆ ಬಂದದ್ದು ಆಡುತ್ತಿದೆ. ಅದೇ ಹೊತ್ತಿಗೆ ಒಡೆಸಾ ಅವರ ತಟ್ಟೆಗೆ ಬಡಿಸುತ್ತಿದ್ದಾಳೆ. ಯಾರೂ ದನಿ ತಗ್ಗಿಸುವುದಿಲ್ಲ. ಅವಳಿಗೆ ಕಿವಿ ಇದೆ ಎಂಬುದೇ ಅವರಿಗೆ ನೆನಪಿಲ್ಲ. ಕೆಲಸದವರ ಎದುರೇ ಕೆಲಸದವರ ಬಗ್ಗೆ ಮಾತಾಡುವ ಊಟದ ಮನೆಗಳು ನಮಗೇನು ಅಪರಿಚಿತವೇ? ಹೊಡೆತ, ರಕ್ತ, ಬೆಂಕಿ ಯಾವುದೂ ಇಲ್ಲದ ಈ ದೃಶ್ಯ ನನಗೆ ಎಷ್ಟೋ ಗಲಭೆಯ ದೃಶ್ಯಗಳಿಗಿಂತ ಹೆಚ್ಚು ಕಾಡಿದೆ.

ಚಿತ್ರಕ್ಕೆ ಒಂದು ದೋಷವಿದೆ, ಅದನ್ನೂ ಹೇಳಬೇಕು. ಕಥೆ ಹೇಳುವ ಹಿನ್ನೆಲೆಯ ದನಿ ಒಡೆಸಾಳದಲ್ಲ. ದೊಡ್ಡವಳಾದ ಬಿಳಿ ಮನೆಯ ಮಗಳದು. ಅಂದರೆ ನಡೆದವಳು ಒಬ್ಬಳು, ನೆನಪಿಸಿಕೊಳ್ಳುವ ಹಕ್ಕು ಇನ್ನೊಬ್ಬಳಿಗೆ. ನಿರ್ಮಾಪಕರಿಗೆ ಬಿಳಿ ಪ್ರೇಕ್ಷಕರ ಭಯವಿತ್ತೇನೋ.

ಆ ಭಯ ಬೆಳೆದು ಮರವಾದದ್ದನ್ನು ನೋಡಬೇಕೆಂದರೆ 1988ರ 'ಮಿಸಿಸಿಪಿ ಬರ್ನಿಂಗ್' ನೋಡಬಹುದು. 1964ರ ಜೂನ್‌ನಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಮತದಾರರ ನೋಂದಣಿಯ ಕೆಲಸಕ್ಕೆ ತೊಡಗಿದ್ದ ಮೂವರು ಯುವಕರನ್ನು ಕೊಂದು ಹೂತುಹಾಕಿದ ಪ್ರಕರಣ ಅದಕ್ಕೆ ಆಧಾರ. ಕಟ್ಟಿದ ರೀತಿಗೆ ಕೊರತೆಯಿಲ್ಲ, ಛಾಯಾಗ್ರಹಣಕ್ಕೆ ಆಸ್ಕರ್ ಕೂಡ ಬಂತು. ಆದರೆ ಚಿತ್ರದ ನಾಯಕರು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಬಿಳಿ ಅಧಿಕಾರಿಗಳು. ಕಪ್ಪು ಜನ ಅಲ್ಲಿ ಹೊಡೆತ ತಿನ್ನುತ್ತಾರೆ, ಹಾಡುತ್ತಾರೆ, ಕಾಯುತ್ತಾರೆ. ನಿಜಜೀವನದಲ್ಲಿ ಅದೇ ಎಫ್‌ಬಿಐ ಕಿಂಗ್ ಅವರ ಮಾತುಗಳನ್ನು ಕದ್ದು ಕೇಳುತ್ತಿತ್ತು.

ಈಗ ಇಪ್ಪತ್ತನಾಲ್ಕು ವರ್ಷ ಹಿಂದಕ್ಕೆ, 1964ಕ್ಕೆ ಹೋಗೋಣ. ಚಳವಳಿ ಉರಿಯುತ್ತಿದ್ದಾಗಲೇ ತಯಾರಾದ ಪುಟ್ಟ ಕಪ್ಪು ಬಿಳುಪು ಚಿತ್ರ 'ನಥಿಂಗ್ ಬಟ್ ಎ ಮ್ಯಾನ್'. ಇದರಲ್ಲಿ ಮೆರವಣಿಗೆ ಇಲ್ಲ, ಕಿಂಗ್ ಇಲ್ಲ, ಘೋಷಣೆ ಇಲ್ಲ. ಡಫ್ ಎಂಬ ರೈಲ್ವೆ ಗ್ಯಾಂಗ್‌ಮನ್ ಇದ್ದಾನೆ. ಹಳಿಯ ಮೇಲೆ ಕೆಲಸ, ಕೈಯಲ್ಲಿ ಸಂಬಳ, ಊರಿಂದೂರಿಗೆ ಹೋಗುತ್ತ ಯಾರ ಹಂಗೂ ಇಲ್ಲದ ಬದುಕು. ಪಾದ್ರಿಯ ಮಗಳು, ಶಾಲಾ ಶಿಕ್ಷಕಿ ಜೋಸಿಯನ್ನು ಪ್ರೀತಿಸುತ್ತಾನೆ. ಮದುವೆಯಾಗಿ ಒಂದು ಕಡೆ ನೆಲೆ ನಿಲ್ಲುವುದೇ ತಡ, ಕಷ್ಟ ಶುರು. ಮರದ ಮಿಲ್ಲಿನಲ್ಲಿ ಕೆಲಸ ಸಿಗುತ್ತದೆ. ನಾವೆಲ್ಲ ಒಟ್ಟಾಗಿದ್ದರೆ ಒಳ್ಳೆಯದಲ್ಲವೇ ಎಂದು ಜೊತೆಯವರ ಹತ್ತಿರ ಒಂದು ಮಾತು ಆಡುತ್ತಾನೆ. ಆ ಮಾತು ಮೇಲಿನವರ ಕಿವಿಗೆ ಬೀಳುತ್ತದೆ. ಎಲ್ಲರೆದುರು ಮಾತು ಹಿಂತೆಗೆದುಕೋ ಎನ್ನುತ್ತಾರೆ. ಒಪ್ಪುವುದಿಲ್ಲ. ಕೆಲಸ ಹೋಗುತ್ತದೆ, ಊರಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಕೆಲಸವೂ ಬಿಳಿ ಗಿರಾಕಿಗಳ ಬೆದರಿಕೆಯಿಂದ ಕೈ ತಪ್ಪುತ್ತದೆ. ಹೊರಗೆ ನುಂಗಿಕೊಂಡ ಸಿಟ್ಟು ಮನೆಯಲ್ಲಿ ಹೆಂಡತಿಯ ಮೇಲೆ ಸಿಡಿಯುತ್ತದೆ. ಅದನ್ನೂ ಚಿತ್ರ ಮುಚ್ಚಿಡುವುದಿಲ್ಲ.

ಚಿತ್ರದ ಹೆಸರಿನಲ್ಲಿರುವ 'ಮ್ಯಾನ್' ಎಂಬ ಪದಕ್ಕೆ ಒಂದು ಹಿನ್ನೆಲೆ ಇದೆ. ಅಲ್ಲಿನ ಬಿಳಿಯರು ಕಪ್ಪು ಗಂಡಸನ್ನು, ಅವನು ಮೊಮ್ಮಕ್ಕಳನ್ನು ಕಂಡವನಾಗಿದ್ದರೂ, 'ಬಾಯ್' ಎಂದೇ ಕರೆಯುತ್ತಿದ್ದರು. ಏ ಹುಡುಗ, ಬಾರೋ ಇಲ್ಲಿ. ಏಕವಚನದ ಈ ಚಾಟಿಯನ್ನು ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನೊಬ್ಬ ಗಂಡಸು, ಮನುಷ್ಯ, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂಬುದೇ ಡಫ್‌ನ ಪೂರ್ತಿ ರಾಜಕೀಯ.

ಇದನ್ನು ನಿರ್ದೇಶಿಸಿದ ಮೈಕೆಲ್ ರೋಮರ್ ಬಿಳಿಯರು. ಬರ್ಲಿನ್ನಿನ ಯೆಹೂದಿ ಮನೆಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸುತ್ತಿದ್ದ ರೈಲು ಹತ್ತಿ ಪಾರಾದವರು. ಛಾಯಾಗ್ರಾಹಕ ರಾಬರ್ಟ್ ಯಂಗ್ ಜೊತೆ ದಕ್ಷಿಣದ ರಾಜ್ಯಗಳಲ್ಲಿ ಸುತ್ತಿ, ಕಪ್ಪು ಕುಟುಂಬಗಳ ಜೊತೆ ಇದ್ದು ಬಂದು ಚಿತ್ರಕಥೆ ಬರೆದರು. ಆದರೆ ಚಿತ್ರೀಕರಣವಾದದ್ದು ಉತ್ತರದ ನ್ಯೂಜೆರ್ಸಿಯಲ್ಲಿ. ಡಫ್ ಪಾತ್ರ ಐವನ್ ಡಿಕ್ಸನ್‌ದು. ಜೋಸಿಯಾದವರು ಹಾಡುಗಾರ್ತಿ ಆಬಿ ಲಿಂಕನ್. ಹಿನ್ನೆಲೆಯಲ್ಲಿ ರೇಡಿಯೊದಿಂದ ಹರಿದು ಬರುವಂತೆ ಕಪ್ಪು ಗಾಯಕರ ಹಾಡು ಹೊರತರುತ್ತಿದ್ದ ಮೋಟೌನ್ ಕಂಪನಿಯ ಆ ಕಾಲದ ಹಾಡುಗಳು. ರೇಡಿಯೊದ ಮುಂದೆ ಕೂತ ನನಗೆ ಅದೊಂದು ಹೆಚ್ಚಿನ ಖುಷಿ.

ಕಥಾಚಿತ್ರಗಳಿಂದ ಸಾಕ್ಷ್ಯಚಿತ್ರಕ್ಕೆ ಬಂದರೆ ಒಂದು ಹೆಸರು ಎಲ್ಲಕ್ಕೂ ಮೇಲೆ ನಿಲ್ಲುತ್ತದೆ. ಹೆನ್ರಿ ಹ್ಯಾಂಪ್ಟನ್. ಹುಡುಗನಾಗಿದ್ದಾಗ ಪೋಲಿಯೊ ತಗಲಿ ಕಾಲು ಸೋತವರು. 1965ರ ಮಾರ್ಚ್‌ನಲ್ಲಿ ಸೆಲ್ಮಾ ಊರಿನ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಲಾಠಿಯಲ್ಲಿ ಬಡಿದ ಸುದ್ದಿ ಕೇಳಿ, ಬಾಸ್ಟನ್ನಿನಿಂದ ಅಲ್ಲಿಗೆ ಹೋದವರಲ್ಲಿ ಅವರೂ ಒಬ್ಬರು. ಕಾಲೆಳೆಯುತ್ತ ಆ ಜನರ ನಡುವೆ ನಡೆದಾಗಲೇ ಇದು ಚಿತ್ರವಾಗಬೇಕು ಅನ್ನಿಸಿತಂತೆ. ಅದು ಆಗಲು ಇಪ್ಪತ್ತೆರಡು ವರ್ಷ ಹಿಡಿಯಿತು. 'ಐಸ್ ಆನ್ ದ ಪ್ರೈಜ್' ಸರಣಿಯ ಮೊದಲ ಆರು ಕಂತು 1987ರಲ್ಲಿ ಅಮೆರಿಕದ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಬಂದವು, ಇನ್ನೆಂಟು 1990ರಲ್ಲಿ.

ಹ್ಯಾಂಪ್ಟನ್ ಇಟ್ಟುಕೊಂಡ ನಿಯಮ ಸರಳ. ಅಲ್ಲಿ ಇದ್ದವರು ಮಾತ್ರ ಮಾತಾಡಬೇಕು. ಇತಿಹಾಸದ ಪಂಡಿತರು ಬಂದು ವ್ಯಾಖ್ಯಾನ ಮಾಡುವಂತಿಲ್ಲ. ಹೊಡೆಸಿಕೊಂಡವರು ಮಾತಾಡಿದರು, ಎದುರು ಪಕ್ಷದವರೂ ಮಾತಾಡಿದರು. ಸರಣಿ ಶುರುವಾಗುವುದು ಕಿಂಗ್‌ರಿಂದಲ್ಲ, 1955ರ ಎಮೆಟ್ ಟಿಲ್ ಪ್ರಕರಣದಿಂದ. ಶಿಕಾಗೋದಿಂದ ಮಿಸಿಸಿಪಿಗೆ ರಜೆಗೆ ಬಂದಿದ್ದ ಹದಿನಾಲ್ಕರ ಹುಡುಗನನ್ನು ಬಿಳಿಯರು ಎತ್ತಿಕೊಂಡು ಹೋಗಿ ಕೊಂದರು. ಹುಡುಗ ಉಳಿದುಕೊಂಡಿದ್ದ ಮನೆಯ ಅಜ್ಜ ಮೋಸ್ ರೈಟ್, ಪಾಲಿಗೆ ಹತ್ತಿ ಬೆಳೆಯುತ್ತಿದ್ದ ರೈತ, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಕೊಲೆಗಾರರತ್ತ ಬೆರಳು ತೋರಿಸಿದ. ಮಿಸಿಸಿಪಿಯಲ್ಲಿ ಆ ಕಾಲಕ್ಕೆ ಕಪ್ಪು ಮನುಷ್ಯ ಬಿಳಿಯನತ್ತ ಬೆರಳು ತೋರಿಸುವುದೆಂದರೆ ಊರು ಬಿಡಲು ಗಂಟು ಕಟ್ಟಿಕೊಂಡೇ ತೋರಿಸಬೇಕು. ಅವನು ಹಾಗೇ ಮಾಡಿದ. ಬಿಳಿ ಗಂಡಸರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟು ಕಳಿಸಿತು. ರೈಟ್ ಬೆರಳು ತೋರಿಸಿದ ಕ್ಷಣದ್ದೆಂದು ಉಳಿದಿರುವುದು ಒಂದು ಸ್ತಬ್ಧ ಫೋಟೊ. ಅಷ್ಟರಲ್ಲೇ ಆ ಬೆರಳು ನಡುಗುತ್ತಿಲ್ಲ ಎಂಬುದು ಕಾಣುತ್ತದೆ.

ಇಂಥ ಸರಣಿಗೂ ಒಂದು ವಿಚಿತ್ರ ಗತಿ ಬಂತು. ಹಳೆಯ ಸುದ್ದಿ ತುಣುಕು, ಫೋಟೊ, ಹಾಡುಗಳನ್ನು ಬಳಸಲು ಪಡೆದಿದ್ದ ಪರವಾನಗಿಗಳ ಅವಧಿ 1990ರ ದಶಕದಲ್ಲಿ ಮುಗಿಯುತ್ತ ಬಂತು. ಮತ್ತೆ ದುಡ್ಡು ಕಟ್ಟದೆ ಪ್ರಸಾರ ಮಾಡುವಂತಿಲ್ಲ, ಹೊಸ ಪ್ರತಿ ಮಾರುವಂತಿಲ್ಲ. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ಟಿವಿಗೆ ಸರಣಿ ಮರಳಿದ್ದು 2006ರಲ್ಲಿ. ತಮ್ಮದೇ ಬೀದಿಯಲ್ಲಿ ತಾವೇ ತಿಂದ ಹೊಡೆತದ ಚಿತ್ರ ನೋಡಲು ಜನ ಅಷ್ಟು ವರ್ಷ ಕಾಯಬೇಕಾಯಿತು. 2014ರ 'ಸೆಲ್ಮಾ' ಚಿತ್ರಕ್ಕೂ ಇಂಥದೇ ತೊಡಕು. ಕಿಂಗ್ ಭಾಷಣಗಳ ಸಿನಿಮಾ ಹಕ್ಕು ಬೇರೆಯವರ ಕೈಯಲ್ಲಿದ್ದುದರಿಂದ ನಿರ್ದೇಶಕಿ ಏವಾ ಡ್ಯುವರ್ನೆ ಅದೇ ಧಾಟಿಯ ಮಾತುಗಳನ್ನು ಹೊಸದಾಗಿ ಬರೆಯಬೇಕಾಯಿತು. ನನಗಂತೂ ಆ ಚಿತ್ರದಲ್ಲಿ ಉಳಿದದ್ದು ಭಾಷಣಗಳಲ್ಲ. ಓಪ್ರಾ ವಿನ್‌ಫ್ರೀ ಮಾಡಿರುವ ಆ್ಯನಿ ಲೀ ಕೂಪರ್ ಪಾತ್ರ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಂದು ಕಿಟಕಿಯ ಮುಂದೆ ನಿಲ್ಲುತ್ತದಲ್ಲ, ಅದು. ಗುಮಾಸ್ತ ಸಂವಿಧಾನದ ಪೀಠಿಕೆ ಹೇಳು ಎನ್ನುತ್ತಾನೆ, ಹೇಳುತ್ತಾಳೆ. ರಾಜ್ಯದಲ್ಲಿ ಕೌಂಟಿ ನ್ಯಾಯಾಧೀಶರೆಷ್ಟು ಎನ್ನುತ್ತಾನೆ, 67 ಎನ್ನುತ್ತಾಳೆ. ಸರಿ, ಅವರ ಹೆಸರೆಲ್ಲ ಹೇಳು ಎನ್ನುತ್ತಾನೆ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತ ಯಾರಿಗೇ ಆದರೂ ಆ 'ಸರಿ' ಎಂಬ ದನಿ ಅರ್ಥವಾಗುತ್ತದೆ.

ಇನ್ನೊಂದು ಸಾಕ್ಷ್ಯಚಿತ್ರವನ್ನು ಹೇಳದೆ ಇರಲಾರೆ. 1993ರ 'ಅಟ್ ದ ರಿವರ್ ಐ ಸ್ಟ್ಯಾಂಡ್', ಮೆಂಫಿಸ್ ನಗರದ ಕಸ ಎತ್ತುವವರ ಮುಷ್ಕರದ ಕಥೆ. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗ ಹತ್ತಿದ್ದ ಇಬ್ಬರು ಕಾರ್ಮಿಕರು, ಕಸ ಒತ್ತುವ ಯಂತ್ರ ಕೆಟ್ಟು ತಾನೇ ಚಾಲೂ ಆಗಿ ಅದರೊಳಗೆ ಸಿಕ್ಕಿ ಸತ್ತರು. ಕೆಲವೇ ದಿನಗಳಲ್ಲಿ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಕೊರಳಿಗೆ ತೂಗುಹಾಕಿಕೊಂಡ ಹಲಗೆಗಳ ಮೇಲೆ ಇದ್ದದ್ದು ಒಂದೇ ಸಾಲು: ನಾನು ಮನುಷ್ಯ. ಡಫ್‌ನ ಮಾತೇ. ಕಿಂಗ್ ಕೊನೆಯ ಬಾರಿ ಹೋದದ್ದು ಈ ಕಸ ಎತ್ತುವವರ ಬೆಂಬಲಕ್ಕೆ. ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಅವರನ್ನು ಅಲ್ಲಿಗೆ ಕರೆಸಿದ ಪಾದ್ರಿ ಜೇಮ್ಸ್ ಲಾಸನ್ ನಮ್ಮ ನಾಗಪುರದಲ್ಲಿ ಮೂರು ವರ್ಷ ಇದ್ದವರು. ಹಿಸ್ಲಾಪ್ ಕಾಲೇಜಿನಲ್ಲಿದ್ದುಕೊಂಡು ಗಾಂಧಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡುತ್ತಿದ್ದಾಗಲೇ, ಅಲ್ಲಿನ ಪತ್ರಿಕೆಯಲ್ಲಿ ಮಾಂಟ್‌ಗೊಮರಿಯ ಜನ ಬಸ್ಸು ಬಿಟ್ಟು ನಡೆಯುತ್ತಿದ್ದಾರೆ ಎಂಬ ಸುದ್ದಿ ಓದಿದರು.

ಮಾಂಟ್‌ಗೊಮರಿಗೆ ಮರಳಿ, ಒಬ್ಬರನ್ನು ನಿಮಗೆ ಪರಿಚಯಿಸಿ ಮುಗಿಸುತ್ತೇನೆ. ಜಾರ್ಜಿಯಾ ಗಿಲ್ಮೋರ್. ಹೋಟೆಲೊಂದರಲ್ಲಿ ಅಡುಗೆಯವರು. ನಡೆಯಲಾರದವರನ್ನು ಕರೆದೊಯ್ಯಲು ಚಳವಳಿಯವರು ಕಾರುಗಳನ್ನು ಓಡಿಸುತ್ತಿದ್ದರಲ್ಲ, ಅದಕ್ಕೆ ಪೆಟ್ರೋಲು ಬೇಕು, ರಿಪೇರಿ ಬೇಕು. ಗಿಲ್ಮೋರ್ ಮತ್ತು ಇತರ ಮನೆಗೆಲಸದ ಹೆಂಗಸರು ಕೋಳಿ ಕರಿದು, ಕೇಕು, ಕಡುಬು ಮಾಡಿ ಮಾರಿ, ಬಂದ ದುಡ್ಡನ್ನು ವಾರ ವಾರ ಸಭೆಗೆ ತಂದು ಒಪ್ಪಿಸುತ್ತಿದ್ದರು. ಯಜಮಾನರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಹಾಗಾಗಿ ಸಂಘಕ್ಕೆ ಒಂದು ಹೆಸರಿಟ್ಟರು: 'ಎಲ್ಲಿಂದಲೂ ಅಲ್ಲದ ಸಂಘ'. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಎಂದರಾಯಿತು, ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ಬಸ್ ಬಹಿಷ್ಕಾರಕ್ಕಾಗಿ ಕಿಂಗ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಗಿಲ್ಮೋರ್ ಕೋರ್ಟಿಗೆ ಹೋಗಿ ಬಸ್ಸಿನಲ್ಲಿ ತಮಗಾದ ಅವಮಾನ ಹೇಳಿದರು. ಅಡುಗೆ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಬಡಿಸತೊಡಗಿದರು. ಕಿಂಗ್ ಕೂಡ ಆ ಮನೆಯಲ್ಲಿ ಉಂಡವರೇ.

ಹ್ಯಾಂಪ್ಟನ್ ತಂಡ ಆಕೆಯ ಮಾತನ್ನು ಚಿತ್ರೀಕರಿಸಿಕೊಂಡಿತ್ತು. ನಾಲ್ಕೇ ವರ್ಷ ಕಳೆದು, 1990ರ ಮಾರ್ಚ್‌ನಲ್ಲಿ, ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆದ ಕಾಲ್ನಡಿಗೆಗೆ ಇಪ್ಪತ್ತೈದು ವರ್ಷ ತುಂಬಿದಾಗ, ಅದರ ನೆನಪಿಗೆ ಮತ್ತೆ ನಡೆದು ಬರುವವರಿಗೆಂದು ಗಿಲ್ಮೋರ್ ಬೆಳಗಿನ ಹೊತ್ತಿಗೇ ಎದ್ದು ಕೋಳಿ, ಮ್ಯಾಕರೋನಿ ಬೇಯಿಸಲು ನಿಂತರು. ಅವತ್ತೇ ತೀರಿಕೊಂಡರು. ಸಾವಿನ ಮನೆಗೆ ಬಂದವರು ಆ ಅಡುಗೆಯನ್ನೇ ಉಂಡರು.

ನಮಸ್ಕಾರ.