ಬಚ್ಚಲಮನೆಯ ಹರಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗಳಿದ್ದಾಳೆ. ಅವಳಿಗೆ ದಿನಾ ಸ್ನಾನ ಮಾಡಿಸುವುದು ನನ್ನ ಮಗ. ಬಚ್ಚಲಲ್ಲಿ ಕಾಲು ಚಾಚಿ ಕೂರುತ್ತಾನೆ. ಬಕೆಟ್ಟಿಗೆ ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾನೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮಾತು ಶುರು. "ಈಗ ಈ ಕೈ. ಈಗ ಬೆನ್ನು. ಏನಮ್ಮಾ, ಹಿತವಾಗಿದೆಯಾ?" ಅಂತ ಕೇಳಿ ಸುಮ್ಮನಾಗುತ್ತಾನೆ. ಅವಳು "ಅಬ್ಬೂ" ಅನ್ನುತ್ತಾಳೆ. "ಹೌದಾ? ಅಬ್ಬೂನಾ?" ಅಂತ ಇವನು. ಮತ್ತೆ ಅವಳ ಸರದಿ.

ಹೊರಗೆ ಪೇಪರ್ ಓದುತ್ತಾ ಕೂತ ನನಗೆ ಮೊದಮೊದಲು ನಗು ಬರುತ್ತಿತ್ತು. ಮಾತೇ ಬಾರದ ಕೂಸಿನ ಹತ್ತಿರ ಏನು ಹರಟೆ ಅಂತ. ಆದರೆ ಕೇಳಿ ಸುಮ್ಮನಾಗುತ್ತಾನಲ್ಲ, ಮಗು ಕಲಿಯುವುದು ಆ ಎರಡು ಕ್ಷಣದಲ್ಲೇ. ಈಗ ನನ್ನ ಸರದಿ ಅಂತ ಅದಕ್ಕೆ ಗೊತ್ತಾಗುತ್ತದೆ. ಟಿವಿ, ಮೊಬೈಲು ದಿನವಿಡೀ ಮಾತಾಡುತ್ತವೆ, ಉತ್ತರಕ್ಕೆ ಕಾಯುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಮಗುವಿನ ಜೊತೆ ಆಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲು ಮಾಡಿಕೊಂಡು ಕೂರಬೇಕು. ಕೆಲವೇ ನಿಮಿಷ. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಅಮ್ಮ ಮಿಸುಕದಿದ್ದರೆ ಕೊನೆಗೆ ಮುಖ ತಿರುಗಿಸಿಬಿಡುತ್ತದೆ. ಫೋನ್ ನೋಡುವಾಗ ನಮ್ಮ ಮುಖ ಹೇಗಿರುತ್ತೆ ಅಂತ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಲ್ವಾ?

ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರದರ ಕಾಲು ಭಾಗದಷ್ಟಿರುತ್ತದೆ. ಐದು ವರ್ಷ ಆಗುವಷ್ಟರಲ್ಲಿ ನೂರಕ್ಕೆ 90ರಷ್ಟು ಬೆಳೆದಿರುತ್ತದೆ. ಶಾಲೆಗೆ ಸೇರಿಸುವ ಮೊದಲೇ ಅರ್ಧ ಕಥೆ ಮುಗಿದಿರುತ್ತದೆ.

ಮಗುವಿನ ಜೊತೆ ಹೀಗೆ ಆಡೋಕೆ, ಮಾತಾಡೋಕೆ ದುಡ್ಡು ಬೇಕಾ? ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಸರಿಯಾಗಿ ಬೆಳೆಯದೆ ಕುಗ್ಗಿದ್ದ 129 ಬಡಮಕ್ಕಳನ್ನು ಅಧ್ಯಯನಕ್ಕೆ ಆರಿಸಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಹೋದರು. ಖಾಲಿ ಬಾಟಲಿಯಂಥ ವಸ್ತುಗಳಿಂದ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಂದಿರಿಗೆ ತೋರಿಸಿಕೊಟ್ಟರು. 20 ವರ್ಷ ಆದ ಮೇಲೆ ನೋಡಿದರೆ, ಆ ಮಕ್ಕಳ ಸಂಪಾದನೆ ಉಳಿದವರಿಗಿಂತ ಸುಮಾರು ನೂರಕ್ಕೆ 25ರಷ್ಟು ಜಾಸ್ತಿ. ಪೌಷ್ಟಿಕ ಆಹಾರವನ್ನಷ್ಟೇ ಪಡೆದ ಮಕ್ಕಳಲ್ಲಿ ಈ ಲಾಭ ಕಾಣಲಿಲ್ಲ. ಹಾಗಂತ ಮಗುವಿಗೆ ಹಾಲು ತಪ್ಪಿಸಬೇಡಿ ಮತ್ತೆ!

ನಮ್ಮಲ್ಲಿ ಇಂಥ ಆಟ ಕಲಿಸೋಕೆ ಯಾರೂ ಬರಬೇಕಿಲ್ಲ. ತಾರಮ್ಮಯ್ಯ ಅಂತ ಕೈ ತಿರುಗಿಸುವುದು, ಅಚ್ಚಚ್ಚು ಬೆಲ್ಲದಚ್ಚು, ಬೆನ್ನ ಮೇಲೆ ಹೊತ್ತು ಉಪ್ಪುಮೂಟೆ. ಎಲ್ಲ ನಮಗೆ ಗೊತ್ತಿರುವುದೇ.

ಒಂದು ಗಮನಿಸಿದಿರಾ? ನಾನು ಹೇಳಿದ ಎರಡೂ ಕಥೆಯಲ್ಲಿ ಇರೋದು ತಾಯಂದಿರೇ. ಅಪ್ಪಂದಿರು ಕಾಣುವುದಿಲ್ಲ. ಕಾನೂನಿನಲ್ಲೂ ಹಾಗೇ. 2017ರ ತಿದ್ದುಪಡಿಯಿಂದ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ. ದಿನಗೂಲಿಯವರಿಗೆ ಇಬ್ಬರಿಗೂ ಏನೂ ಇಲ್ಲ ಅಂತಲೇ ಲೆಕ್ಕ. ಹೀಗಿರುವಾಗ ರಾತ್ರಿ ನಾಲ್ಕು ಸಲ ಎದ್ದು ಹಾಲು ಕೊಟ್ಟವಳಿಗೆ, ಹಗಲಿಡೀ ಮಗುವಿನ ಜೊತೆ ನಗುನಗುತ್ತಾ ಮಾತಾಡು ಅಂದರೆ ಹೇಗೆ? ಅಪ್ಪ ಒಂದು ಗಂಟೆ ಎತ್ತಿಕೊಂಡರೆ ಅವಳ ಮುಖದಲ್ಲೂ ಗೆಲುವು ಬರುತ್ತದೆ. ಅದೂ ಮಗುವಿಗೇ ಸಲ್ಲುತ್ತದೆ.

ದೊಡ್ಡದಾಗಿ ಹೇಳುತ್ತಿದ್ದೇನೆ. ನನ್ನ ಮಕ್ಕಳು ಸಣ್ಣವರಿದ್ದಾಗ ನಾನು ಮಾಡಿದ್ದು ಸಂಬಳ ತಂದದ್ದು, ಫೋಟೋ ತೆಗೆಸಿದ್ದು. ಮಗ ಎಡವಿ ಬಿದ್ದರೆ ಪಕ್ಕದಲ್ಲೇ ಇದ್ದ ನನ್ನನ್ನು ದಾಟಿ ಅಡುಗೆಮನೆಗೆ ಓಡುತ್ತಿದ್ದ.

ಕಳೆದ ವಾರ ಅವನು ಊರಲ್ಲಿರಲಿಲ್ಲ. ಸೊಸೆಗೆ ಜ್ವರ. ನಾನೇ ಸ್ನಾನ ಮಾಡಿಸ್ತೀನಿ ಅಂತ ಪಂಚೆ ಎತ್ತಿ ಕಟ್ಟಿ, ಕಾಲು ಚಾಚಿ ಕೂತೆ. ಅರವತ್ತು ದಾಟಿದ ಮೇಲೆ ಮೊದಲ ಸಲ. ಹೆಂಡತಿ ಬಾಗಿಲಲ್ಲಿ ನಿಂತು, "ನೀರು ಎಷ್ಟು ಬಿಸಿ ಇದೆ ನೋಡಿದ್ರಾ?" ಅಂದಳು.

ನೋಡಿರಲಿಲ್ಲ.